ನಿತ್ಯಪುಷ್ಪದ ಹೂವನ್ನು ಸಕ್ಕರೆ ಕಾಯಿಲೆಗೆ ತಿನ್ನಬಹುದಾ?

ಕುಂಡದ ತೋಟ:
ನಮ್ಮ ಮನೆ ಮುಂದೆ ನಿತ್ಯಪುಷ್ಪದ ಗಿಡಗಳಿವೆ, ಬಿಳಿ ಮತ್ತು ಗುಲಾಬಿ ಬಣ್ಣದವು. ಸದಾಪುಷ್ಪ ಅಂತಲೂ ಕರೆಯುತ್ತಾರಲ್ಲ, ಅದೇ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೀತಿದೆ. ಖಾಲಿ ಹೊಟ್ಟೆಯಲ್ಲಿ ಈ ಹೂವು ಅಗಿದು ತಿಂದರೆ ಶುಗರ್ ಇಳಿಯುತ್ತದೆ ಅಂತ ಒಂದು ವಿಡಿಯೋ ನೋಡಿ ಶುರು ಮಾಡಿಬಿಟ್ಟಿದ್ದಾರೆ. ಕ್ಯಾನ್ಸರ್‌ಗೂ ಒಳ್ಳೆಯದಂತೆ. ನಿಜಾನಾ? ಎಷ್ಟು ತಿನ್ನಬಹುದು?

ಬೀಜದ ಬುಟ್ಟಿ:
ನನಗೆ ಗೊತ್ತಿರುವ ಒಬ್ಬರು ಎಲೆಯ ಕಷಾಯ ಕುಡಿಯುತ್ತಾರೆ, ಏನೂ ಆಗಿಲ್ಲ. ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ.

ವಾರ್ಡ್ ನರ್ಸ್:
ದಯವಿಟ್ಟು ಇವತ್ತೇ ನಿಲ್ಲಿಸಲು ಹೇಳಿ. ನಾನು ಮಕ್ಕಳ ಕ್ಯಾನ್ಸರ್ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ಈ ಗಿಡದಿಂದ ಬಂದ ಔಷಧಿಯನ್ನು ಕೈಯಾರೆ ಕೊಡುತ್ತೇನೆ. ಅದರ ಮೇಲೆ ನನಗೆ ತುಂಬಾ ಗೌರವ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಇದು ಮಡಗಾಸ್ಕರ್ ಮೂಲದ ಗಿಡ. ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುವುದು ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಅಲ್ಲಿನ ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಅವರ ಪ್ರಯೋಗಾಲಯಕ್ಕೆ ಬಂದವು. ಅವರು ಹುಡುಕಿದ್ದು ಶುಗರ್ ಔಷಧಿಯನ್ನೇ. ಇಲಿಗಳಿಗೆ ಬಾಯಿಂದ ಕೊಟ್ಟರು, ಶುಗರ್ ಹೆಚ್ಚೇನೂ ಬದಲಾಗಲಿಲ್ಲ. ಸಾರವನ್ನು ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ಬಿಳಿ ರಕ್ತಕಣ ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರ್‌ಗೆ ಇದನ್ನು ಬಳಸಬಹುದಲ್ಲ ಎಂದು ಯೋಚನೆ ಹೊರಳಿದ್ದು ಅಲ್ಲೇ. ನೋಬಲ್ ಮತ್ತು ರಸಾಯನ ತಜ್ಞ ಚಾರ್ಲ್ಸ್ ಬಿಯರ್ ಸೇರಿ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಔಷಧಿ ಬೇರ್ಪಡಿಸಿದರು. ಆಮೇಲೆ ಅಮೆರಿಕದಲ್ಲಿ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಸಿಕ್ಕಿತು. ವಿನ್‌ಬ್ಲಾಸ್ಟಿನ್ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ, ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಬೇಕು. ಎಷ್ಟೋ ಮಕ್ಕಳು ವಾಸಿಯಾಗಿ ಮನೆಗೆ ಹೋಗುವುದರಲ್ಲಿ ಇದರ ಪಾಲಿದೆ.

ಈ ಔಷಧಿಗಳು ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುತ್ತವೆ. ಕ್ಯಾನ್ಸರ್ ಕೋಶವನ್ನಷ್ಟೇ ಆರಿಸಿಕೊಂಡು ಹೊಡೆಯುವುದಿಲ್ಲ. ಹಾಗಾಗಿ ಮಗುವಿನ ಎತ್ತರ, ತೂಕ ಲೆಕ್ಕ ಹಾಕಿ ಮಿಲಿಗ್ರಾಂನಲ್ಲಿ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತೇವೆ. ಪ್ರತಿ ಸಲ ಇಬ್ಬರು ಚೆಕ್ ಮಾಡುತ್ತೇವೆ. ಅಷ್ಟು ಜಾಗ್ರತೆ ಮಾಡಿದರೂ ಕೈಕಾಲು ಜೋಮು ಹಿಡಿಯುತ್ತದೆ. ಶರ್ಟಿನ ಗುಂಡಿ ಹಾಕಲು ಒದ್ದಾಡುವ ಮಕ್ಕಳನ್ನು ನೋಡಿದ್ದೇನೆ. ಮಲಬದ್ಧತೆಯಂತೂ ಮಾಮೂಲು.

ಹೂವಿನಲ್ಲೋ ಎಲೆಯಲ್ಲೋ ಯಾವ ಅಂಶ ಎಷ್ಟಿದೆ ಅಂತ ಮನೆಯಲ್ಲಿ ಅಳೆಯೋಕೆ ಆಗಲ್ಲ. ಒಂದು ಗಿಡದಂತೆ ಇನ್ನೊಂದಿರಲ್ಲ. ವಿನ್‌ಕ್ರಿಸ್ಟಿನ್ ಎಲೆಯಲ್ಲಿ ಎಷ್ಟು ಕಡಿಮೆ ಎಂದರೆ, ಕೆಲವೇ ಗ್ರಾಂ ತೆಗೆಯಲು ಒಣ ಎಲೆ ರಾಶಿರಾಶಿ ಬೇಕು. ಹೂವು ಅಗಿದರೆ ಕ್ಯಾನ್ಸರ್ ವಾಸಿಯಾಗಲ್ಲ. ಆದರೆ ಗಿಡದಲ್ಲಿ ಬೇರೆ ಆಲ್ಕಲಾಯ್ಡ್‌ಗಳೂ (ದೇಹದ ಮೇಲೆ ಬಲವಾಗಿ ಕೆಲಸ ಮಾಡುವ ಸಸ್ಯ ರಾಸಾಯನಿಕಗಳು) ತುಂಬಾ ಇವೆ, ರಕ್ತದೊತ್ತಡದ ಮೇಲೆ ಕೆಲಸ ಮಾಡುವಂಥವೂ ಇವೆ.

ಬೀಜದ ಬುಟ್ಟಿ ಅವರೇ, ಸೈಡ್ ಎಫೆಕ್ಟ್ ಇರಲ್ಲ ಅನ್ನೋ ಮಾತು ಈ ಗಿಡದ ಮಟ್ಟಿಗಂತೂ ಬೇಡ. ನಿಮಗೆ ಗೊತ್ತಿರುವವರಿಗೂ ತಿಳಿಸಿ.

ಕುಂಡದ ತೋಟ:
ಓದಿ ಗಾಬರಿ ಆಯ್ತು. ಅಪ್ಪ ಈಗಾಗಲೇ ಕೆಲವು ದಿನ ತಿಂದಿದ್ದಾರೆ. ಮನೇಲಿ ಚಿಕ್ಕ ಮಗುವೂ ಇದೆ. ಗಿಡ ಕಿತ್ತು ಹಾಕಲಾ?

ವಾರ್ಡ್ ನರ್ಸ್:
ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಡಾಕ್ಟರ್ ಹತ್ತಿರ ಹೂವು ತಿಂದದ್ದನ್ನು ಮುಚ್ಚಿಡದೆ ಹೇಳಿ. ಶುಗರ್, ರಕ್ತಕಣಗಳ ಪರೀಕ್ಷೆ ಬೇಕಾ ಅಂತ ಕೇಳಿ. ತಲೆಸುತ್ತು, ವಾಂತಿ, ಜ್ವರ, ಕೈಕಾಲು ಜೋಮು ಇದ್ದರೆ ಇವತ್ತೇ ತೋರಿಸಿ. ಹೂವಿನ ನಂಬಿಕೆಯಲ್ಲಿ ಮಾತ್ರೆ ಬಿಟ್ಟಿದ್ದಾರಾ ಅಂತ ಮೆತ್ತಗೆ ವಿಚಾರಿಸಿ, ನನಗೆ ಜಾಸ್ತಿ ಭಯ ಅದರದ್ದೇ.

ಗಿಡ ಕೀಳಬೇಕಿಲ್ಲ. ನಮ್ಮ ಮನೆಯಲ್ಲೂ ಇದೆ. ಬಿಸಿಲಿಗೆ ಜಗ್ಗಲ್ಲ, ನೀರು ಕಡಿಮೆ ಸಾಕು, ವರ್ಷವಿಡೀ ಹೂವು, ಚಿಟ್ಟೆಗಳೂ ಬರುತ್ತವೆ. ಮಗುವಿಗೆ, ನಾಯಿ ಬೆಕ್ಕಿಗೆ ಎಟುಕದ ಕಡೆ ಕುಂಡ ಎತ್ತಿಡಿ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ. ಗರ್ಭಿಣಿಯರಂತೂ ಇದರ ಯಾವ ಭಾಗವನ್ನೂ ಬಾಯಿಗೆ ಹಾಕಬಾರದು.

ಬೀಜದ ಬುಟ್ಟಿ:
ಇಷ್ಟೆಲ್ಲ ಗೊತ್ತಿರಲಿಲ್ಲ. ಕಷಾಯ ಕುಡಿಯುವವರಿಗೆ ಈಗಲೇ ಫೋನ್ ಮಾಡುತ್ತೇನೆ.