ಪ್ರಯಾಣಿಕರ ಬಾಹ್ಯಾಕಾಶ ವಿಮಾನ: 2004ರ ಗೆಲುವಿನಿಂದ ಮೊದಲ ಟಿಕೆಟ್ ಹಾರಾಟಕ್ಕೆ 19 ವರ್ಷ ಏಕೆ ಹಿಡಿಯಿತು?

ಪ್ರಶ್ನೆ: ಬಾನಾಡಿ

2004ರ ಜೂನ್ 21ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಮೈಕ್ ಮೆಲ್ವಿಲ್ ಅವರು ಸ್ಪೇಸ್‌ಶಿಪ್‌ಒನ್ ಎಂಬ ಪುಟ್ಟ ವಿಮಾನವನ್ನು ನೂರು ಕಿಲೋಮೀಟರ್ ಎತ್ತರದಾಚೆಗೆ ಒಯ್ದರು. ಸರ್ಕಾರದ ಹಣವಿಲ್ಲದೆ ಕಟ್ಟಿದ ಯಾನವೊಂದು ಮನುಷ್ಯನನ್ನು ಬಾಹ್ಯಾಕಾಶಕ್ಕೆ ಮುಟ್ಟಿಸಿದ್ದು ಅದೇ ಮೊದಲು. ಅಕ್ಟೋಬರ್ 4ರಂದು ಬ್ರಯಾನ್ ಬಿನ್ನಿ ಅದನ್ನೇ 112 ಕಿಲೋಮೀಟರ್‌ವರೆಗೆ ಏರಿಸಿದಾಗ ಖಾಸಗಿ ಬಾಹ್ಯಾಕಾಶ ಯಾನಕ್ಕೆಂದು ಇಟ್ಟಿದ್ದ ಒಂದು ಕೋಟಿ ಡಾಲರ್‌ಗಳ ಅನ್ಸಾರಿ ಎಕ್ಸ್ ಪ್ರೈಜ್ ಬಹುಮಾನ ಅದರ ವಿನ್ಯಾಸಕಾರ ಬರ್ಟ್ ರುಟಾನ್ ಅವರ ತಂಡದ ಪಾಲಾಯಿತು. ಆ ಹೊತ್ತಿಗಾಗಲೇ ರಿಚರ್ಡ್ ಬ್ರಾನ್ಸನ್ ಅವರು ವರ್ಜಿನ್ ಗ್ಯಾಲಕ್ಟಿಕ್ ಕಂಪನಿಯನ್ನು ಘೋಷಿಸಿ, ಮೂರು ವರ್ಷಗಳೊಳಗೆ ಪ್ರಯಾಣಿಕರನ್ನು ಕರೆದೊಯ್ಯುವುದಾಗಿ ಹೇಳಿದ್ದರು.

ಆದರೆ 2005ರಲ್ಲೇ ಟಿಕೆಟ್ ಕೊಂಡಿದ್ದ ಜಾನ್ ಗುಡ್ವಿನ್ ಅವರಿಗೆ ಹಾರಾಟದ ದಿನ ಬಂದದ್ದು 2023ರ ಆಗಸ್ಟ್ 10ರಂದು. ಅವರನ್ನು ಕರೆದೊಯ್ದ ಯೂನಿಟಿ ಎಂಬ ವಿಮಾನವೂ ಒಂದು ವರ್ಷ ತುಂಬುವ ಮೊದಲೇ, 2024ರ ಜೂನ್ 8ರಂದು, ತನ್ನ ಕೊನೆಯ ಹಾರಾಟ ಮುಗಿಸಿತು. ತತ್ತ್ವ 2004ರಲ್ಲೇ ಸಾಬೀತಾಗಿದ್ದ ಮೇಲೆ ಉಳಿದದ್ದು ಅದನ್ನು ದೊಡ್ಡದಾಗಿ ಕಟ್ಟುವ ಕೆಲಸವೊಂದೇ ಎಂದು ನಾನು ತಿಳಿದಿದ್ದೆ. ಇಷ್ಟು ವಿಳಂಬಕ್ಕೆ ಕಾರಣ ಹಣವೋ, ತಂತ್ರಜ್ಞಾನವೋ, ಅಪಘಾತವೋ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ದಹನಕೋಶ

ತಾವು ಹೇಳಿದ "ದೊಡ್ಡದಾಗಿ ಕಟ್ಟುವ ಕೆಲಸ"ವೇ ಇಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು, ಅದರಲ್ಲೂ ಎಂಜಿನ್ ವಿಷಯದಲ್ಲಿ. ಸ್ಪೇಸ್‌ಶಿಪ್‌ಒನ್‌ನಲ್ಲಿ ಇದ್ದದ್ದು ಮೂರು ಆಸನ. ವರ್ಜಿನ್ ಗ್ಯಾಲಕ್ಟಿಕ್‌ಗಾಗಿ ಕಟ್ಟಿದ ಅದರ ದೊಡ್ಡ ರೂಪವಾದ ಸ್ಪೇಸ್‌ಶಿಪ್‌ಟೂ ವಿಮಾನವನ್ನು ಇಬ್ಬರು ಪೈಲಟ್‌ಗಳಿಗೂ ಆರು ಪ್ರಯಾಣಿಕರಿಗೂ ಸಾಲುವಂತೆ ರೂಪಿಸಲಾಯಿತು. ಎರಡರಲ್ಲೂ ಇರುವುದು ಹೈಬ್ರಿಡ್ ರಾಕೆಟ್: ಗಟ್ಟಿಯಾದ ರಬ್ಬರ್ ಇಂಧನದ ನಡುವೆ ಸುರಂಗದಂತಹ ರಂಧ್ರವಿರುತ್ತದೆ, ಟ್ಯಾಂಕಿನಿಂದ ಬರುವ ನೈಟ್ರಸ್ ಆಕ್ಸೈಡ್ ಅದರ ಮೂಲಕ ಹಾಯುವಾಗ ರಬ್ಬರ್ ಒಳಮೈಯಿಂದ ಉರಿಯುತ್ತಾ ಹೋಗುತ್ತದೆ. ನೈಟ್ರಸ್ ಆಕ್ಸೈಡ್ ಹರಿವನ್ನು ನಿಲ್ಲಿಸಿದರೆ ಬೆಂಕಿಯೂ ನಿಲ್ಲುತ್ತದೆ. ಪ್ರಯಾಣಿಕರನ್ನು ಹೊತ್ತ ವಿಮಾನಕ್ಕೆ ಇದು ಆಕರ್ಷಕ ಗುಣ.

ತೊಂದರೆಯೆಂದರೆ, ಇಂಧನ ಮೇಲ್ಮೈಯಲ್ಲಿ ಮಾತ್ರ ಉರಿಯುವುದರಿಂದ ಎಂಜಿನ್‌ನ ಗಾತ್ರ ಹೆಚ್ಚಿಸಿದಾಗ ಒತ್ತಡ, ಉರಿಯುವ ವೇಗ, ಅನಿಲದ ಮಿಶ್ರಣ ಯಾವುದೂ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಚಿಕ್ಕ ಎಂಜಿನ್‌ನಲ್ಲಿ ಗಮನಕ್ಕೇ ಬಾರದ ಏರಿಳಿತ ದೊಡ್ಡದರಲ್ಲಿ ಇಡೀ ವಿಮಾನವನ್ನು ನಡುಗಿಸುವ ಕಂಪನವಾಗುತ್ತದೆ. ಈ ಎಂಜಿನ್‌ನ ಇಂಧನವನ್ನು 2014ರ ಮೇ ತಿಂಗಳಲ್ಲಿ ರಬ್ಬರ್‌ನಿಂದ ನೈಲಾನ್ ಜಾತಿಯ ಪ್ಲಾಸ್ಟಿಕ್‌ಗೆ ಬದಲಿಸಿ, ಮರುವರ್ಷ ಮತ್ತೆ ರಬ್ಬರ್‌ಗೇ ಮರಳಿದರೆಂಬುದನ್ನು ನೋಡಿದರೆ ಈ ತೊಡಕು ಎಷ್ಟು ಆಳವಾಗಿತ್ತೆಂದು ತಿಳಿಯುತ್ತದೆ.

ನೈಟ್ರಸ್ ಆಕ್ಸೈಡ್ ಸಾಧುವಾದ ವಸ್ತುವೆಂಬ ನಂಬಿಕೆಗೆ 2007ರ ಜುಲೈ 26ರಂದು ಭಾರಿ ಪೆಟ್ಟು ಬಿತ್ತು. ಅಂದು ಮೊಹಾವಿಯಲ್ಲಿ ಕಿಡಿಯನ್ನೇ ಹಚ್ಚದೆ, ಕೇವಲ ಹರಿವಿನ ಪರೀಕ್ಷೆ ನಡೆಯುತ್ತಿದ್ದಾಗ ಟ್ಯಾಂಕ್ ಸಿಡಿದು, ಈ ವಿಮಾನಗಳನ್ನು ಕಟ್ಟುತ್ತಿದ್ದ ರುಟಾನ್ ಅವರ ಸಂಸ್ಥೆ ಸ್ಕೇಲ್ಡ್ ಕಾಂಪೊಸಿಟ್ಸ್‌ನ ಮೂವರು ಕೆಲಸಗಾರರು ಮೃತಪಟ್ಟು, ಇನ್ನು ಮೂವರು ಗಾಯಗೊಂಡರು. ವಿಳಂಬದ ಲೆಕ್ಕ ಹಾಕುವಾಗ ನಾವು ಈ ಮೂವರನ್ನು ಮರೆಯಬಾರದು. ಎಂಜಿನ್ ಹೊತ್ತಿಸಿ ಸ್ಪೇಸ್‌ಶಿಪ್‌ಟೂ ಮೊದಲು ಹಾರಿದ್ದು ಆರು ವರ್ಷಗಳ ನಂತರ, 2013ರ ಏಪ್ರಿಲ್ 29ರಂದು.

ಉತ್ತರ: ಬಾಲದಂಡ

ಎಂಜಿನ್ ಬಗ್ಗೆ ದಹನಕೋಶ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹೆಚ್ಚು ಕಾಲ ನುಂಗಿದ್ದು 2014ರ ಅಕ್ಟೋಬರ್ 31ರ ಸ್ಪೇಸ್‌ಶಿಪ್‌ಟೂ ಅಪಘಾತ, ಮತ್ತು ಅದಕ್ಕೆ ಕಾರಣ ಎಂಜಿನ್ ಅಲ್ಲ. ಹೊಸ ಇಂಧನದ ಮೊದಲ ಹಾರಾಟವಾದ್ದರಿಂದ ಎಂಜಿನ್ ಸಿಡಿದಿರಬೇಕೆಂದೇ ಅಂದು ಬಹಳ ಮಂದಿ ಊಹಿಸಿದ್ದರು.

ನಡೆದದ್ದೇನೆಂದು ತಿಳಿಯಲು ಈ ವಿಮಾನದ ಬಾಲವನ್ನು ಅರಿಯಬೇಕು. ಎತ್ತರದಿಂದ ಮರಳುವಾಗ ವಿಮಾನದ ಭಂಗಿ ಸ್ವಲ್ಪ ತಪ್ಪಿದರೂ ಅಪಾಯ. 1967ರ ನವೆಂಬರ್ 15ರಂದು ಅಮೆರಿಕದ ಪ್ರಾಯೋಗಿಕ ರಾಕೆಟ್ ವಿಮಾನ ಎಕ್ಸ್-15 ಹೀಗೆಯೇ ಹಿಡಿತ ತಪ್ಪಿ ಒಡೆದು ಅದರ ಪೈಲಟ್ ಮೈಕೆಲ್ ಆಡಮ್ಸ್ ಪ್ರಾಣ ಕಳೆದುಕೊಂಡರು. ರುಟಾನ್ ಅವರು ಇದಕ್ಕೆ ಕಂಡುಕೊಂಡ ಪರಿಹಾರ ಬಹು ಸರಳ, ಬಹು ಸುಂದರ: ರೆಕ್ಕೆಯ ಹಿಂಭಾಗವೂ ಬಾಲದ ಎರಡು ದಂಡಗಳೂ ಒಟ್ಟಾಗಿ ಮೇಲಕ್ಕೆ ಮಡಚಿಕೊಳ್ಳುತ್ತವೆ. ಆಗ ವಿಮಾನವು ಬ್ಯಾಡ್ಮಿಂಟನ್‌ನ ಶಟಲ್‌ಕಾಕ್‌ನಂತೆ, ಪೈಲಟ್ ಏನೂ ಮಾಡದಿದ್ದರೂ, ಹೊಟ್ಟೆ ಕೆಳಗಾಗಿ ನೆಟ್ಟಗೆ ಬೀಳುತ್ತದೆ. ದಟ್ಟ ಗಾಳಿಗೆ ಬಂದ ಮೇಲೆ ಬಾಲವನ್ನು ಮತ್ತೆ ನೇರ ಮಾಡಿ ಗ್ಲೈಡರ್‌ನಂತೆ ಇಳಿಸುತ್ತಾರೆ.

ಈ ಮಡಿಕೆಗೆ ಎರಡು ಸನ್ನೆಕೋಲುಗಳಿದ್ದವು: ಒಂದು ಬೀಗ ತೆಗೆಯಲು, ಇನ್ನೊಂದು ಬಾಲ ಎತ್ತಲು. ವೇಗ ಮ್ಯಾಕ್ 1.4, ಅಂದರೆ ಶಬ್ದದ ವೇಗದ 1.4 ಪಟ್ಟು, ತಲುಪಿದ ಮೇಲೆ ಬೀಗ ತೆಗೆಯಬೇಕೆಂಬುದು ನಿಯಮ. ಬೀಗ ಸಿಲುಕಿಕೊಂಡಿದ್ದರೆ ಅದು ಮೇಲೇರುವಾಗಲೇ ತಿಳಿಯಬೇಕಾದ್ದರಿಂದ ಮ್ಯಾಕ್ 1.8 ದಾಟುವುದರೊಳಗೆ ಅದು ತೆರೆಯದಿದ್ದರೆ ಹಾರಾಟವನ್ನೇ ಕೈಬಿಡಬೇಕಿತ್ತು. ಅಂದು ಸಹಪೈಲಟ್ ಮೈಕೆಲ್ ಆಲ್ಸ್‌ಬರಿ ಅವರು ಸುಮಾರು ಮ್ಯಾಕ್ 0.8ರಲ್ಲೇ ಬೀಗ ತೆಗೆದರು. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯು ಬಾಲವನ್ನು ಮೇಲಕ್ಕೆ ತಳ್ಳುತ್ತದೆ, ಆ ಬಲವನ್ನು ತಡೆಯುವ ಶಕ್ತಿ ಇದ್ದದ್ದು ಬೀಗಕ್ಕೆ ಮಾತ್ರ. ಎರಡನೆಯ ಸನ್ನೆಕೋಲನ್ನು ಯಾರೂ ಮುಟ್ಟದಿದ್ದರೂ ಬಾಲ ತಾನಾಗಿ ಎದ್ದಿತು. ಮೇಲಕ್ಕೆ ಹೊತ್ತೊಯ್ದು ಬಿಡುವ ತಾಯಿವಿಮಾನದಿಂದ ಕಳಚಿ ಹದಿನೈದು ಸೆಕೆಂಡೂ ಆಗಿರಲಿಲ್ಲ, ವಿಮಾನ ಚೂರಾಯಿತು. ಆಲ್ಸ್‌ಬರಿ ಮೃತಪಟ್ಟರು. ಪೀಟರ್ ಸೀಬೋಲ್ಡ್ ಆಸನದ ಸಮೇತ ಹೊರಕ್ಕೆ ಎಸೆಯಲ್ಪಟ್ಟು, ಬೀಳುತ್ತಲೇ ಪಟ್ಟಿ ಬಿಚ್ಚಿಕೊಂಡರು. ಪ್ಯಾರಾಚೂಟ್ ತಾನಾಗಿ ತೆರೆದುಕೊಂಡಿದ್ದರಿಂದ ಅವರು ಬದುಕಿದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2015ರ ಜುಲೈಯಲ್ಲಿ ಕೊಟ್ಟ ತೀರ್ಮಾನ ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ತಿರುಳು. ಒಬ್ಬ ಮನುಷ್ಯ ಮಾಡುವ ಒಂದೇ ಒಂದು ತಪ್ಪು ವಿಮಾನವನ್ನು ನಾಶ ಮಾಡಬಲ್ಲದೆಂಬ ಸಾಧ್ಯತೆಯನ್ನು ವಿಮಾನ ಕಟ್ಟಿದ ಸಂಸ್ಥೆ ಗಣನೆಗೆ ತೆಗೆದುಕೊಳ್ಳಲಿಲ್ಲವೆಂದು ಮಂಡಳಿ ಹೇಳಿತು. ಎಂಜಿನ್ ಅಬ್ಬರ, ಕಂಪನ, ಬೆನ್ನಿಗೆ ಒತ್ತುವ ವೇಗ, ಸೆಕೆಂಡುಗಳಲ್ಲಿ ಮುಗಿಸಬೇಕಾದ ಕೆಲಸಗಳ ನಡುವೆ ನುರಿತ ಪೈಲಟ್‌ನ ಕೈಯೂ ತಪ್ಪಬಹುದು. ಆ ತಪ್ಪನ್ನು ತಡೆಯಬೇಕಾದದ್ದು ವಿನ್ಯಾಸವೇ. ಎರಡನೆಯ ಸ್ಪೇಸ್‌ಶಿಪ್‌ಟೂ ಆದ ಯೂನಿಟಿಯಲ್ಲಿ ಬೀಗ ಅಕಾಲದಲ್ಲಿ ತೆರೆಯದಂತೆ ತಡೆಯೊಂದನ್ನು ಅಳವಡಿಸಿದರು. ಯೂನಿಟಿ 2016ರ ಫೆಬ್ರವರಿಯಲ್ಲಿ ಅನಾವರಣಗೊಂಡರೂ ಎಂಜಿನ್ ಹೊತ್ತಿಸಿ ಹಾರಿದ್ದು 2018ರ ಏಪ್ರಿಲ್ 5ರಂದು.

ಮರುಪ್ರಶ್ನೆ: ಬಾನಾಡಿ

ಇಬ್ಬರಿಗೂ ಧನ್ಯವಾದಗಳು. ಬೀಗವನ್ನು ಮೇಲೇರುವಾಗಲೇ ತೆಗೆಯುವುದು ಏಕೆಂದು ನನಗೆ ಇಂದಿಗೆ ಅರ್ಥವಾಯಿತು. ಇನ್ನೊಂದು ಸಂದೇಹವಿದೆ. ಸ್ಪೇಸ್‌ಶಿಪ್‌ಒನ್ 112 ಕಿಲೋಮೀಟರ್ ಏರಿತ್ತು, ಆದರೆ ಯೂನಿಟಿ 90 ಕಿಲೋಮೀಟರ್‌ನ ಆಸುಪಾಸಿನಲ್ಲೇ ನಿಂತಿತು. ಅಷ್ಟೆಲ್ಲಾ ತಿದ್ದಿದ ಮೇಲೂ ಅದನ್ನು ನಿವೃತ್ತಿಗೊಳಿಸಿದ್ದೇಕೆ?

ಉತ್ತರ: ರನ್‌ವೇ

ಎತ್ತರದ ಪ್ರಶ್ನೆ ಚಿಕ್ಕದು. ಅಮೆರಿಕದಲ್ಲಿ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ದಾಟಿದರೆ ಬಾಹ್ಯಾಕಾಶವೆಂದು ಪರಿಗಣಿಸುತ್ತಾರೆ, ಅಂತರರಾಷ್ಟ್ರೀಯವಾಗಿ ಬಾಹ್ಯಾಕಾಶದ ಗಡಿಯೆಂದು ಬಳಸುವ ಕರ್ಮನ್ ರೇಖೆ ಇರುವುದು 100 ಕಿಲೋಮೀಟರ್‌ನಲ್ಲಿ. ಭಾರವಾದ ವಿಮಾನಕ್ಕೆ ಮೊದಲನೆಯದು ಎಟುಕಿತು, ಎರಡನೆಯದು ಎಟುಕಲಿಲ್ಲ. 2018ರ ಡಿಸೆಂಬರ್ 13ರಂದು ಅದು 82.7 ಕಿಲೋಮೀಟರ್, 2019ರ ಫೆಬ್ರವರಿ 22ರಂದು 89.9 ಕಿಲೋಮೀಟರ್ ತಲುಪಿತು. ಕಿಟಕಿಯಲ್ಲಿ ಕಾಣುವ ಕಪ್ಪು ಆಕಾಶಕ್ಕೂ ಕೆಲವು ನಿಮಿಷಗಳ ತೇಲಾಟಕ್ಕೂ ಈ ವ್ಯತ್ಯಾಸ ಬಹಳವಾಗದು.

ನಿವೃತ್ತಿಗೆ ಕಾರಣ ಹಾರಾಟಗಳ ನಡುವಿನ ಅಂತರ. ನನಗೆ ಈ ಯೋಜನೆಯಲ್ಲಿ ಅತಿ ಹೆಚ್ಚು ಕಾಳಜಿ ಇರುವುದೂ ಇಲ್ಲೇ. ಯೂನಿಟಿ ಬಾಹ್ಯಾಕಾಶಕ್ಕೆ ಹೋದದ್ದು ಒಟ್ಟು 12 ಬಾರಿ, ಅದರಲ್ಲಿ 2023ರ ಜೂನ್‌ನಿಂದ 2024ರ ಜೂನ್‌ವರೆಗಿನ ವಾಣಿಜ್ಯ ಹಾರಾಟಗಳು ಏಳು. ಅದು ಪ್ರಾಯೋಗಿಕ ವಿಮಾನದ ಗುಣವನ್ನೇ ಹೊತ್ತಿತ್ತು. ಪ್ರತಿ ಹಾರಾಟದ ನಂತರ ಉರಿದುಹೋದ ಇಂಧನದ ಕೊಳವೆಯನ್ನೂ ಬಿಸಿ ಅನಿಲ ಹೊರಬರುವ ನಳಿಕೆಯನ್ನೂ (ನಾಝಲ್) ಒಟ್ಟಿಗೇ ತೆಗೆದು ಹೊಸದನ್ನು ಕೂರಿಸಬೇಕು, ಹಗುರ ಸಂಯುಕ್ತ ವಸ್ತುವಿನ ಒಡಲನ್ನು ಪೂರ್ತಿ ತಪಾಸಣೆ ಮಾಡಬೇಕು. ಪ್ರತಿ ಸಲ ಹೋಗುತ್ತಿದ್ದ ಪ್ರಯಾಣಿಕರು ಮೂರೋ ನಾಲ್ಕೋ ಮಂದಿ. ಆಸನಕ್ಕೆ ಎರಡು ಲಕ್ಷ ಡಾಲರ್‌ನಂತೆ ಆರಂಭದಲ್ಲಿ ಮಾರಿದ ಟಿಕೆಟ್‌ಗಳಿಂದ, 2021ರಲ್ಲಿ ಬೆಲೆಯನ್ನು ನಾಲ್ಕೂವರೆ ಲಕ್ಷಕ್ಕೆ ಏರಿಸಿದ ಮೇಲೂ, ತಿಂಗಳಿಗೊಂದು ಹಾರಾಟ ಒಂದು ವಿಮಾನ ಸಂಸ್ಥೆಯನ್ನು ಸಾಕಲಾರದು.

ವರ್ಜಿನ್ ಗ್ಯಾಲಕ್ಟಿಕ್‌ನ ಡೆಲ್ಟಾ ಎಂಬ ಹೊಸ ವಿಮಾನಗಳ ಉದ್ದೇಶ ಇದನ್ನು ಬದಲಿಸುವುದು: ಆರು ಪ್ರಯಾಣಿಕರು, ಒಂದೇ ಅಚ್ಚಿನಲ್ಲಿ ತಯಾರಾದ ಭಾಗಗಳು, ಅರಿಜೋನಾದ ಮೆಸಾದಲ್ಲಿ ಅಂತಿಮ ಜೋಡಣೆ, ಪ್ರತಿ ವಿಮಾನಕ್ಕೆ ತಿಂಗಳಿಗೆ ಎಂಟು ಹಾರಾಟಗಳವರೆಗಿನ ಗುರಿ. ತಿಂಗಳಿಗೆ ಒಂದರಿಂದ ಎಂಟಕ್ಕೆ ಏರುವುದು ಬಹು ದೊಡ್ಡ ಜಿಗಿತ. ಅದು ಸಾಧ್ಯವೇ ಆಗದೆಂದು ನಾನು ಹೇಳುವುದಿಲ್ಲ, ಆದರೆ ಡೆಲ್ಟಾ ಮೊದಲ ಬಾರಿ ಬಾಹ್ಯಾಕಾಶ ಮುಟ್ಟಿದ ದಿನದ ಸುದ್ದಿಗಿಂತ ಅದೇ ವಿಮಾನ ಎರಡನೆಯ ಸಲ ಹಾರಲು ಎಷ್ಟು ದಿನ ತೆಗೆದುಕೊಂಡಿತು ಎಂಬುದನ್ನೇ ನಾನು ಎದುರು ನೋಡುತ್ತೇನೆ.

ತಾಯಿವಿಮಾನದ ವಿಷಯವನ್ನೂ ಸೇರಿಸಬೇಕು. ಸುಮಾರು 43 ಮೀಟರ್ ಅಗಲದ ರೆಕ್ಕೆಯ, ಎರಡು ಒಡಲುಗಳ ಈವ್ ಮೊದಲು ಹಾರಿದ್ದು 2008ರ ಡಿಸೆಂಬರ್‌ನಲ್ಲಿ, ಮತ್ತು ಅಂದಿನಿಂದ ಯೂನಿಟಿಯ ನಿವೃತ್ತಿಯವರೆಗೂ ಕಂಪನಿಯ ಪ್ರತಿ ಬಾಹ್ಯಾಕಾಶ ವಿಮಾನವನ್ನು ಮೇಲೆ ಹೊತ್ತೊಯ್ದದ್ದು ಅದೊಂದೇ. ಹೊಸ ಡೆಲ್ಟಾಗಳು ಎಷ್ಟೇ ಬೇಗ ಸಿದ್ಧವಾದರೂ, ಈವ್ ದುರಸ್ತಿಗೆಂದು ಹ್ಯಾಂಗರ್ ಸೇರಿದ ದಿನ ನ್ಯೂ ಮೆಕ್ಸಿಕೋದ ಸ್ಪೇಸ್‌ಪೋರ್ಟ್ ಅಮೆರಿಕಾದ ರನ್‌ವೇಯಿಂದ ಅವುಗಳಲ್ಲಿ ಒಂದೂ ಮೇಲೇರಲಾರದು.