ಸಂಗ್ರಹದ ವೈವಿಧ್ಯ ಅಧ್ಯಯನ: ಅನುದಾನದ ಅರ್ಜಿಯಲ್ಲಿ ಏನೇನು ಸೇರಿಸಬೇಕು?

ಪ್ರಶ್ನೆ: ಗ್ರಂಥಾಲಯದ ಪುಸ್ತಕಗಳಲ್ಲಿ ಯಾರ ದನಿ ಇದೆ, ಯಾರದ್ದಿಲ್ಲ ಎಂಬ ಅಧ್ಯಯನಕ್ಕೆ ಅನುದಾನ ಕೇಳುತ್ತಿದ್ದೇವೆ. ಎಲ್ಲ ಪುಸ್ತಕ ನೋಡಬೇಕೆ? ಬಜೆಟ್‌ನಲ್ಲಿ ಯಾವುದು ತಪ್ಪಿಹೋಗುತ್ತದೆ?

ಉತ್ತರ 1: ಎಲ್ಲವೂ ಬೇಡ. ಶೇ 95 ವಿಶ್ವಾಸ ಮಟ್ಟ, ಶೇ 5 ದೋಷಮಿತಿಗೆ (ಅಂದರೆ ಇದೇ ರೀತಿ ನೂರು ಬಾರಿ ಆರಿಸಿದರೆ ಸುಮಾರು 95 ಬಾರಿ ಫಲಿತಾಂಶ ನಿಜವಾದ ಶೇಕಡಾವಾರಿನಿಂದ 5 ಅಂಶಗಳೊಳಗೇ ಇರುತ್ತದೆ) ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ 385 ಶೀರ್ಷಿಕೆ ಸಾಕು. ಆದರೆ ಮಕ್ಕಳ ವಿಭಾಗ, ಕಾದಂಬರಿ ಎಂದು ಬೇರೆಬೇರೆ ಫಲಿತಾಂಶ ಬೇಕಿದ್ದರೆ ಪ್ರತಿಯೊಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಸಿಬ್ಬಂದಿ ವೆಚ್ಚ ಹಿಗ್ಗುವುದು ಅಲ್ಲೇ. ಲೇಖಕರ ಹಿನ್ನೆಲೆಯನ್ನು ಹೆಸರು ನೋಡಿ ಊಹಿಸಲೇಬೇಡಿ, ಅವರೇ ಹೇಳಿಕೊಂಡಿದ್ದರೆ ಮಾತ್ರ ದಾಖಲಿಸಿ.

ಉತ್ತರ 2: ಪುಸ್ತಕಗಳ ಜೊತೆಗೆ ಜನರನ್ನೂ ಮಾತಾಡಿಸುವುದಿದ್ದರೆ, ಬಜೆಟ್‌ನಲ್ಲಿ ತಪ್ಪಿಹೋಗುವುದು ಸಂದರ್ಶನ, ಸಭೆಗಳಲ್ಲಿ ಭಾಗವಹಿಸುವವರ ಗೌರವಧನ, ಪ್ರಯಾಣ, ಬ್ರೈಲ್ ಪ್ರತಿ, ಸಂಕೇತ ಭಾಷೆಯ ದುಭಾಷಿಗಳು (ದೀರ್ಘ ಸಭೆಗೆ ಇಬ್ಬರು, ಸರದಿಯಲ್ಲಿ). ಗ್ರಂಥಾಲಯಕ್ಕೆ ಬರುವವರನ್ನಷ್ಟೇ ಮಾತಾಡಿಸಿದರೆ ಬಾರದವರ ಕಾರಣ ಸಿಗುವುದೇ ಇಲ್ಲ. ಹೊರಗೆ ಹೋಗುವ ಖರ್ಚನ್ನು ದಯವಿಟ್ಟು ಕಡಿತಗೊಳಿಸಬೇಡಿ.

ಉತ್ತರ 3: ನೈತಿಕ ಸಮಿತಿಯ (ಅಧ್ಯಯನದಿಂದ ಭಾಗವಹಿಸುವವರಿಗೆ ತೊಂದರೆಯಾಗದಂತೆ ಮೊದಲೇ ಪರಿಶೀಲಿಸುವ ಸಮಿತಿ) ಒಪ್ಪಿಗೆ ಬೇಕಿದ್ದರೆ ಅದಕ್ಕೂ ಮುನ್ನ ಸಂದರ್ಶನ ಶುರುಮಾಡುವಂತಿಲ್ಲ. ವೇಳಾಪಟ್ಟಿಯಲ್ಲಿ ಆ ಕಾಲ ಬಿಡಿ.