ಕಾರವಾರದಿಂದ ಭಟ್ಕಳಕ್ಕೆ ಮೂರು ದಿನ ಸೈಕಲ್: ನನ್ನ ಮೊಣಕಾಲು ತಡೆಯುತ್ತಾ?

ಪ್ರಶ್ನೆ: ಶಿರಸಿಯ ಶಿಕ್ಷಕಿ, 47 ವರ್ಷ

ಮೇಡಂ, ನಮಸ್ಕಾರ. ನೀವು ಕುಮಟಾದಲ್ಲಿ ಫಿಸಿಯೋಥೆರಪಿ ಮಾಡ್ತೀರಿ, ಸೈಕಲ್ಲೂ ಹೊಡೆಯುತ್ತೀರಿ ಅಂತ ಇದೇ ಗುಂಪಿನಲ್ಲಿ ಓದಿದ್ದೆ. ಅದಕ್ಕೇ ಕೇಳ್ತಾ ಇದ್ದೇನೆ. ಜನವರಿ ಕೊನೆಯ ವಾರ ನಾವು 18 ಜನ ಕಾರವಾರದಿಂದ ಭಟ್ಕಳಕ್ಕೆ ಸೈಕಲ್ಲಿನಲ್ಲಿ ಹೊರಟಿದ್ದೇವೆ. ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿ, ಮಣಿಪಾಲಕ್ಕೆ ಓಡಾಡುವವರ ಬಸ್ಸು, ವಸತಿ ಖರ್ಚಿಗೆ ಹಣ ಕೂಡಿಸಬೇಕು ಅಂತ. ಮೊದಲ ರಾತ್ರಿ ಗೋಕರ್ಣ, ಎರಡನೇ ರಾತ್ರಿ ಹೊನ್ನಾವರ, ಮೂರನೇ ದಿನ ಭಟ್ಕಳ. ನನ್ನದು ತಮ್ಮನ ಗೇರ್ ಸೈಕಲ್ಲು. ಈಗ ದಿನಾ 10 ಕಿ.ಮೀ. ಹೊಡೆಯುತ್ತೇನೆ. ಆದರೆ ಬಲ ಮೊಣಕಾಲಿನ ಚಿಪ್ಪಿನ ಮುಂದೆ ನೋವು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಇನ್ನು ಒಂಬತ್ತು ವಾರ ಇದೆ. ಹೋಗಬಹುದಾ?

ಉತ್ತರ: ಫಿಸಿಯೋಥೆರಪಿಸ್ಟ್, ಕುಮಟಾ

ಅಕ್ಕೋರೇ, ನಮಸ್ಕಾರ. ಹೋಗಬಹುದು ಅಂತಲೇ ನನಗೆ ಅನಿಸುತ್ತದೆ. ಆದರೂ ಒಮ್ಮೆ ಯಾರಾದರೂ ಕಾಲನ್ನು ಮುಟ್ಟಿ, ಮಡಚಿ ನೋಡಬೇಕು. ಬಾವು ಇದ್ದರೆ, ಮೊಣಕಾಲು ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿದ್ದರೆ, ನೋವಿಗೆ ರಾತ್ರಿ ಎಚ್ಚರ ಆಗುತ್ತಿದ್ದರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.

ಅದ್ಯಾವುದೂ ಇಲ್ಲ ಅಂದರೆ ಮೊದಲು ಸೀಟು ನೋಡಿ. ಎರಡೂ ಕಾಲು ನೆಲಕ್ಕೆ ಊರಲಿ ಅಂತ ಸೀಟು ಇಳಿಸಿಕೊಂಡಿದ್ದೀರಿ, ಅಲ್ವಾ? ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಹೀಗೇ ಮಾಡಿರುತ್ತಾರೆ. ಸೀಟು ತಗ್ಗಾದರೆ ಪ್ರತಿ ಸುತ್ತಿಗೂ ಮೊಣಕಾಲು ಜಾಸ್ತಿ ಮಡಚುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ನೋವು ಮುಂದೆ ಬರುತ್ತದೆ. ಸೀಟು ತೀರಾ ಎತ್ತರವಾದರೆ ನೋವು ಮೊಣಕಾಲಿನ ಹಿಂದೆ ಬರುತ್ತದೆ. ಗೋಡೆಗೆ ಒರಗಿ ಸೈಕಲ್ ಮೇಲೆ ಕೂರಿ. ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಯಾವಾಗಿನಂತೆ ಮುಂಗಾಲು ಇಟ್ಟರೆ ಮೊಣಕಾಲಿನಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಅಷ್ಟು ಸಾಕು. ಒಂದೇ ಸಲ ಏರಿಸಬೇಡಿ. ಅರ್ಧ ಸೆಂಟಿಮೀಟರ್ ಏರಿಸಿ, ಎರಡು ದಿನ ಓಡಿಸಿ, ಮತ್ತೆ ನೋಡಿ. ಇಳಿಯುವಾಗ ಸೀಟಿನಿಂದ ಮುಂದೆ ಜಾರಿ ಒಂದು ಕಾಲು ಊರುವುದನ್ನು ಶಾಲೆಯ ಮೈದಾನದಲ್ಲಿ ರೂಢಿ ಮಾಡಿಕೊಳ್ಳಿ.

ಎರಡನೆಯದು ಗೇರು. ಭಾರದ ಗೇರಿನಲ್ಲಿ ತುಳಿದರೆ ಶಕ್ತಿ ಇದೆ ಅನಿಸುತ್ತದೆ, ಮೊಣಕಾಲು ಮಾತ್ರ ಸವೆಯುತ್ತದೆ. ನಿಮಿಷಕ್ಕೆ 80ರ ಹತ್ತಿರ ಸುತ್ತು ಬರುವಷ್ಟು ಹಗುರ ಗೇರಿನಲ್ಲಿರಿ. ಬಲಗಾಲು ಎಷ್ಟು ಸಲ ಕೆಳಗೆ ಹೋಯಿತು ಅಂತ ಕಾಲು ನಿಮಿಷ ಎಣಿಸಿ. 20 ಬಂದರೆ ಸರಿ ಇದೆ.

ದಿನಾ ಮನೆಯಲ್ಲಿ ಅಂಗಾತ ಮಲಗಿ ಕಾಲು ನೇರ ಇಟ್ಟು ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಹತ್ತತ್ತು ಸಲ, ಮೂರು ಸುತ್ತು. ಪಕ್ಕದ್ದನ್ನು ಬಿಡಬೇಡಿ. ಸೊಂಟದ ಬದಿಯ ಸ್ನಾಯು ಸೋತರೆ ತುಳಿಯುವಾಗ ಮೊಣಕಾಲು ಒಳಗೆ ವಾಲುತ್ತದೆ.

ಇನ್ನು ಅಭ್ಯಾಸ. ದಿನಾ 10 ಕಿ.ಮೀ. ಒಳ್ಳೆಯದೇ, ಆದರೆ ಮೂರು ದಿನದ ಸವಾರಿಗೆ ಅದು ಸಾಲದು. ಭಾನುವಾರಕ್ಕೊಂದು ಉದ್ದದ ಸವಾರಿ ಇಟ್ಟುಕೊಳ್ಳಿ. 20ರಿಂದ ಶುರು ಮಾಡಿ, ವಾರಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಏರಿಸಿ. ಆರನೇ ವಾರದ ಹೊತ್ತಿಗೆ ಬನವಾಸಿಗೆ ಹೋಗಿ ಬರುವಷ್ಟಾಗುತ್ತದೆ. ಏಳನೇ ವಾರ ಶನಿವಾರ, ಭಾನುವಾರ ಎರಡೂ ದಿನ ಹೋಗಿ. ಇದು ಮುಖ್ಯ. ಇಂಥ ಸವಾರಿ ಕೆಡುವುದು ಎರಡನೇ ದಿನ ಬೆಳಿಗ್ಗೆ. ಹಿಂದಿನ ದಿನದ ನೋವು ಮೈಯಲ್ಲಿರುವಾಗ ಸೀಟಿನ ಮೇಲೆ ಕೂತ ಮೊದಲ ಹತ್ತು ನಿಮಿಷ ಹೇಗಿರುತ್ತದೆ ಅನ್ನುವುದು ಶಿರಸಿಯಲ್ಲೇ ಗೊತ್ತಾಗಿಬಿಡಲಿ. ಕೊನೆಯ ವಾರ ಕಡಿಮೆ ಮಾಡಿ.

ನಾನು ಇದೇ ದಾರಿಯಲ್ಲಿ ಮೊದಲ ಸಲ ಹೋದಾಗ ಬಿಣಗಾ ಘಟ್ಟವನ್ನು ಹುಡುಗರ ಜೊತೆ ಅವರದೇ ವೇಗದಲ್ಲಿ ಹತ್ತಿದ್ದೆ. ಅಂಕೋಲಾದವರೆಗೂ ಹಾಗೇ ಹೋದೆ. ಮರುದಿನ ಮಿರ್ಜಾನದಲ್ಲಿ ಇಳಿದವಳಿಗೆ ಮತ್ತೆ ಕಾಲು ಎತ್ತಿ ದಾಟಿಸಲು ಆಗಲಿಲ್ಲ. ಸೈಕಲ್ಲನ್ನು ಟೆಂಪೋಕ್ಕೆ ಏರಿಸಿ ಹೊನ್ನಾವರಕ್ಕೆ ಹೋದೆ. ಬಹಳ ಬೇಜಾರಾಗಿತ್ತು. ನಿಮಗೆ ಹಾಗಾಗಬಾರದು ಅಂತ ಇಷ್ಟು ಬರೆದೆ.

ಪ್ರಶ್ನೆ: ಅಂಕೋಲಾದ ಯುವಕ

ಅಕ್ಕಾ, ನಾನೂ ಈ ತಂಡದಲ್ಲಿದ್ದೇನೆ. 30 ಕಿ.ಮೀ. ಆದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಗ್ಲೌಸ್ ಹಾಕಿದರೆ ಸಾಕಾ?

ಉತ್ತರ

ಗ್ಲೌಸ್ ಹಾಕು ತಮ್ಮಾ, ಆದರೆ ಅದೊಂದೇ ಸಾಕಾಗಲ್ಲ. ಆ ಎರಡು ಬೆರಳಿಗೆ ಹೋಗುವ ನರ ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆ, ಚರ್ಮದ ಹತ್ತಿರವೇ ಇರುತ್ತದೆ. ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟರೆ ಅದು ಒತ್ತಿಕೊಳ್ಳುತ್ತದೆ. ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡು. ಬಾಗಿದ್ದರೆ ನೀನು ಮುಂದೆ ಜಾರುತ್ತಿರುತ್ತೀಯ, ಕೈಯೇ ನಿನ್ನನ್ನು ತಡೆದು ಹಿಡಿದಿರುತ್ತದೆ. ಸೀಟು ಮಟ್ಟ ಮಾಡು, ಹ್ಯಾಂಡಲ್ ಸ್ವಲ್ಪ ಏರಿಸು, ಮೊಣಕೈ ಸಡಿಲ ಬಿಡು. ಐದು ನಿಮಿಷಕ್ಕೊಮ್ಮೆ ಕೈ ಹಿಡಿದ ಜಾಗ ಬದಲಿಸು.

ಜೋಮು ಅಲ್ವಾ, ಹೋಗುತ್ತೆ ಅಂತ ಸುಮ್ನೆ ಇರಬೇಡ. ಹೀಗೇ ಬಿಟ್ಟ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬೆರಳುಗಳ ನಡುವೆ ಕಾಗದ ಇಟ್ಟು ಹಿಡಿದುಕೋ ಅಂದೆ, ನಾನು ಎಳೆದ ಕೂಡಲೇ ಜಾರಿತು. ಶಕ್ತಿ ಪೂರ್ತಿ ಬರಲು ಎರಡು ತಿಂಗಳು ಬೇಕಾಯಿತು.

ಪ್ರಶ್ನೆ: ಕಾರವಾರದ ಬ್ಯಾಂಕ್ ನೌಕರ, 55 ವರ್ಷ

ಮೇಡಂ, ನನಗೆ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ತಗೊಳ್ತೇನೆ. ಏನು ಎಚ್ಚರ ಬೇಕು?

ಉತ್ತರ

ಸರ್, ನೀವು ನಿಮ್ಮ ಡಾಕ್ಟರನ್ನು ಕೇಳದೆ ಹೊರಡಲೇಬೇಡಿ. ಗ್ಲಿಮೆಪಿರೈಡ್ ಇದ್ದಾಗ ಇಷ್ಟು ಹೊತ್ತು ಪೆಡಲ್ ತುಳಿದರೆ ಸಕ್ಕರೆ ತೀರಾ ಇಳಿಯಬಹುದು. ಆ ಮೂರು ದಿನ ಗುಳಿಗೆಯ ಪ್ರಮಾಣ ಬದಲಿಸಬೇಕಾ ಅಂತ ಅವರೇ ಹೇಳಬೇಕು. ಕಿಸೆಯಲ್ಲಿ ಗ್ಲುಕೋಸ್ ಪುಡಿ ಇರಲಿ, ವ್ಯಾನಿನಲ್ಲಿ ಅಲ್ಲ. ಕೈ ನಡುಗಿದರೆ, ತಣ್ಣನೆ ಬೆವತರೆ, ಮಾತು ತೊದಲಿದರೆ ಅಲ್ಲೇ ನಿಲ್ಲಿ. ಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್ ತಿನ್ನಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ತಿಂದುಬಿಡಿ. ಸವಾರಿ ಮುಗಿದ ಮೇಲೂ ಇಳಿಯಬಹುದು. ಹಾಗಾಗಿ ಮಲಗುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಪಕ್ಕದಲ್ಲಿ ಸವಾರಿ ಮಾಡುವವರಿಗೆ ನಿಮ್ಮ ಕಾಯಿಲೆ ಗೊತ್ತಿರಲಿ. ಮುಚ್ಚಿಡಬೇಡಿ ಸರ್.

ಹೊನ್ನಾವರದ ಸೈಕಲ್ ರಿಪೇರಿಯವರು

ನಡುವೆ ಒಂದು ಮಾತು. ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಚೈನು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಗೋಕರ್ಣದಲ್ಲಿ ಮರಳಿನ ಮೇಲೆ ಸೈಕಲ್ ನೂಕಬೇಡಿ. ಸಂಜೆ ಒಣ ಬಟ್ಟೆಯಲ್ಲಿ ಚೈನು ಒರೆಸಿ, ಹನಿ ಹನಿ ಎಣ್ಣೆ ಬಿಡಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಎಣ್ಣೆ ಜಾಸ್ತಿಯಾದರೆ ಮರಳು ಅಂಟುತ್ತದೆ. ಎಲ್ಲರೂ ತಮ್ಮ ಚಕ್ರದ ಅಳತೆಯ ಎರಡು ಟ್ಯೂಬು ತನ್ನಿ.

ಪ್ರಶ್ನೆ: ತಂಡದ ಸಂಚಾಲಕ, ಕಾರವಾರ

ನೀರು, ಬಿಸಿಲು, ಹೈವೇ ಬಗ್ಗೆಯೂ ಹೇಳಿ ಮೇಡಂ. ದಿಕ್ಕು ತಿರುಗಿಸಿ ಭಟ್ಕಳದಿಂದ ಕಾರವಾರಕ್ಕೆ ಬಂದರೆ ಹೇಗೆ ಅಂತಲೂ ಕೆಲವರು ಹೇಳುತ್ತಿದ್ದಾರೆ.

ಉತ್ತರ

ದಿಕ್ಕು ಬದಲಿಸಬೇಡಿ. ಆ ದಿನಗಳಲ್ಲಿ ಮಧ್ಯಾಹ್ನದ ಕಡಲ ಗಾಳಿ ವಾಯವ್ಯದಿಂದ ಬರುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಬಲಗಡೆಯಿಂದ, ಬೆನ್ನಿಗೆ ಬೀಸುತ್ತದೆ. ತಿರುಗಿ ಬಂದರೆ ಅದೇ ಗಾಳಿ ಎದೆಗೆ. ಬೆಳಕು ಹರಿದ ಕೂಡಲೇ ಹೊರಡಿ, 11ರೊಳಗೆ ಹೆಚ್ಚಿನ ದಾರಿ ಮುಗಿಸಿ. ಕಾರವಾರ ಬಿಟ್ಟ ಕೂಡಲೇ ಹೆದ್ದಾರಿ 66ರ ಸುರಂಗ ಬರುತ್ತದೆ. ಹಿಂದಿನ ಕೆಂಪು ದೀಪ ಇಲ್ಲದವರನ್ನು ಹೊರಡಿಸಬೇಡಿ. ಅಲ್ಲಿ ಒಬ್ಬರ ಹಿಂದೆ ಒಬ್ಬರು, ಎಲ್ಲರ ಹಿಂದೆ ವ್ಯಾನು.

ಜನವರಿ ಆದರೂ ಕರಾವಳಿಯಲ್ಲಿ ಬೆವರು ಆರುವುದಿಲ್ಲ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಕಡಿಮೆಯಾಗಿ ತಲೆಸುತ್ತು, ವಾಂತಿ ಬರಬಹುದು. ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿಡಿ. ಉಪ್ಪು ಹಾಕಿದ ಮುರುಗಲು ಶರಬತ್ತು, ಮಜ್ಜಿಗೆ, ಗಂಜಿ ಎಲ್ಲವೂ ಒಳ್ಳೆಯದೇ.

ಎರಡನೇ ದಿನ ಗೋಕರ್ಣದಿಂದ ಮತ್ತೆ ಹೆದ್ದಾರಿಗೆ ಬರುವ ಬದಲು ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿಗೆ ದಾಟಿ, ಅಲ್ಲಿಂದ ಕುಮಟಾಕ್ಕೆ ಬರುವ ದಾರಿ ನನಗೆ ಇಷ್ಟ. ಲಾರಿಗಳ ಕಾಟ ಇಲ್ಲ, ತುಳಿಯುವ ದೂರವೂ ಕಡಿಮೆ. 18 ಸೈಕಲ್ ಅಂತ ದೋಣಿಯವರಿಗೆ ಹಿಂದಿನ ದಿನವೇ ಹೇಳಿಡಿ.

ಶಿರಸಿಯ ಶಿಕ್ಷಕಿ, ಮೂರು ವಾರದ ನಂತರ

ಮೇಡಂ, ಸೀಟು ಎರಡು ಸೆಂಟಿಮೀಟರ್ ಏರಿತು. ಮೆಟ್ಟಿಲು ಇಳಿಯುವಾಗಿನ ನೋವು ಅರ್ಧಕ್ಕರ್ಧ ಕಡಿಮೆ. ಮೊನ್ನೆ ಭಾನುವಾರ 28 ಕಿ.ಮೀ. ಆಯಿತು. ಈಗ ಬೇರೆ ಚಿಂತೆ. ನಮ್ಮ ಶಾಲೆಯ ಮಕ್ಕಳ ಮನೆಯವರೂ ನನ್ನ ಹೆಸರಿನಲ್ಲಿ ನೂರು, ಐವತ್ತು ಕೊಟ್ಟಿದ್ದಾರೆ. ನಡುವೆ ನೋವು ಬಂದು ನಾನು ವ್ಯಾನ್ ಹತ್ತಿದರೆ ಅವರಿಗೆ ಏನು ಹೇಳಲಿ?

ಉತ್ತರ

ವ್ಯಾನ್ ಹತ್ತಿದೆ ಅಂತಲೇ ಹೇಳಿ ಅಕ್ಕೋರೇ. ನಾನು ಮಿರ್ಜಾನದಲ್ಲಿ ಟೆಂಪೋ ಹತ್ತಿದಾಗ ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ. ಕಾಲು ಹೇಗಿದೆ ಅಂತಲೇ ಎಲ್ಲರೂ ಕೇಳಿದರು. ಅವರು ಕೊಟ್ಟದ್ದು ಆಸ್ಪತ್ರೆಗೆ ಓಡಾಡುವವರಿಗೆ. ಆ ಹಣ ಯಾವ ಖಾತೆಗೆ ಹೋಯಿತು, ಎಷ್ಟು ಜನರಿಗೆ ತಲುಪಿತು ಅಂತ ಶಾಲೆಯಲ್ಲಿ ಬರೆದು ಹಚ್ಚಿ.

ತುಳಿಯುವಾಗ ನೋವು ಹತ್ತರಲ್ಲಿ ಮೂರರಷ್ಟಿದ್ದರೆ ಗೇರ್ ಹಗುರ ಮಾಡಿ ಮುಂದೆ ಹೋಗಿ. ಐದು ದಾಟಿದರೆ ಇಳಿಯಿರಿ. ಎರಡನೇ ದಿನ ಕುಮಟಾ ಮುಟ್ಟುವ ಮುಂಚೆ ಫೋನ್ ಮಾಡಿ. ಐಸ್, ಟೇಪು ತಗೊಂಡು ಗಿಬ್ ಸರ್ಕಲ್ ಹತ್ತಿರ ನಿಂತಿರುತ್ತೇನೆ.